ರಸ್ತೆ ತಡೆಗೆ ಮೊದಲು ಗೇಟಿನಲ್ಲೊಂದು ನೋಟ್‌ಬುಕ್ ಇಡಿ

ಅಕ್ಕ, ನೀವು ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ನಸುಕಿನಲ್ಲಿ ಹೂವಿನ ಮೂಟೆ ಹೊತ್ತು ಗೇಟಿನಲ್ಲಿ, ಅಂದರೆ ಊರಿನ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ, ರಸ್ತೆ ದಾಟುತ್ತಿದ್ದ ನಿಮ್ಮ ಓರಗಿತ್ತಿಗೆ ಕಾರು ಬಡಿದು ಕಾಲು ಮುರಿದಿದೆ. ಕಾರಿನವರು ಆಸ್ಪತ್ರೆಯ ಖರ್ಚಿಗೆಂದು ಹಣ ಕೊಟ್ಟು ಮಾತು ಮುಗಿಸಿದ್ದಾರೆ. ಮಕ್ಕಳಿಗೆ ಕಾಲೇಜು ಒಂಬತ್ತೂವರೆಗೆ, ಬಸ್ ಬರುವುದು ಒಂಬತ್ತು ನಲವತ್ತಕ್ಕೆ, ಅದೂ ತುಂಬಿದ್ದರೆ ನಿಲ್ಲಿಸುವುದೇ ಇಲ್ಲ. ಸಿಟ್ಟಿಗೆದ್ದ ಹುಡುಗರು ಸೋಮವಾರ ರಸ್ತೆ ತಡೆಯುತ್ತೇವೆ ಎನ್ನುತ್ತಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಹೂವು, ತರಕಾರಿಯ ಗುಂಪಿನಲ್ಲಿ ಇದನ್ನು ಕೇಳಿದ್ದಕ್ಕೆ ಕ್ಷಮೆ ಕೋರಿದ್ದೀರಿ. ಅದರ ಅಗತ್ಯವೇ ಇಲ್ಲ. ನಾವು ಬೆಳೆದ ಹೂವು ಮಾರುಕಟ್ಟೆ ಮುಟ್ಟುವುದು ಅದೇ ರಸ್ತೆಯನ್ನು ದಾಟಿ.

ತುಮಕೂರು ಜಿಲ್ಲೆಯ ನಮ್ಮೂರ ಗೇಟಿನಲ್ಲಿ ನಾವು ನಾಲ್ಕು ವರ್ಷ ಇದೇ ಕೆಲಸಕ್ಕೆ ಓಡಾಡಿದ್ದೇವೆ. ಶುರು ಮಾಡಿದ್ದು ರಸ್ತೆ ತಡೆಯಿಂದಲೇ. ಅಂದು ಅಧಿಕಾರಿಗಳು ಬಂದರು, ತಿಂಗಳೊಳಗೆ ಎಲ್ಲವನ್ನೂ ಮಾಡಿಸುತ್ತೇವೆ ಎಂದರು, ನಾವು ಎದ್ದು ಮನೆಗೆ ಹೋದೆವು. ಒಂದು ಸಾಲನ್ನೂ ಕಾಗದದ ಮೇಲೆ ಬರೆಸಿಕೊಂಡಿರಲಿಲ್ಲ. ಮಾತು ಕೊಟ್ಟವರಿಗೆ ವರ್ಗವಾಯಿತು, ಹೊಸಬರಿಗೆ ನಮ್ಮ ವಿಷಯವೇ ಗೊತ್ತಿರಲಿಲ್ಲ. ಊರಿನ ಮೂವರು ಹುಡುಗರ ಮೇಲೆ ಮಾತ್ರ ಕೇಸು ಉಳಿಯಿತು. ಕಟಾವಿನ ದಿನಗಳಲ್ಲೂ ಅವರು ಕೋರ್ಟಿಗೆ ಅಲೆದದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ನಿಮ್ಮ ಹುಡುಗರಿಗೆ ಹೇಳಿ: ಸಿಟ್ಟು ನ್ಯಾಯವಾದದ್ದೇ, ಅದನ್ನು ಸೋಮವಾರದ ಒಂದು ಗಂಟೆಯಲ್ಲಿ ಖರ್ಚು ಮಾಡಿಬಿಡಬೇಡಿ.

ಮೊದಲು ರಸ್ತೆ ಯಾರದೆಂದು ತಿಳಿಯಬೇಕು. ಗೇಟಿನ ಹತ್ತಿರದ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಿತ್ತಳೆಯಾದರೆ ಗ್ರಾಮ ಸಡಕ್‌ನಂತಹ ಹಳ್ಳಿ ರಸ್ತೆ. ಕಪ್ಪಿದ್ದರೆ ಸಾಮಾನ್ಯವಾಗಿ ಜಿಲ್ಲಾ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಯಾದರೆ ತಾಲ್ಲೂಕಿನ ಲೋಕೋಪಯೋಗಿ ಇಲಾಖೆಯ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಬಳಿ ಹೋಗಬೇಕು. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರು, ಇಲ್ಲವೇ ಲೋಕೋಪಯೋಗಿಯ ರಾಷ್ಟ್ರೀಯ ಹೆದ್ದಾರಿ ವಿಭಾಗ. ತುರ್ತು ದೂರಿಗೆ 1033 ಇದೆ. ಇದು ತಿಳಿಯದೆ ಕೊಟ್ಟ ಅರ್ಜಿ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹದೊಂದಿಗೆ ವಾಪಸ್ ಬರುತ್ತದೆ. ನಮ್ಮದು ಎರಡು ಸಲ ಹಾಗೆ ಬಂತು, ಎಂಟು ತಿಂಗಳು ಹೋಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಿಮ್ಮ ಓರಗಿತ್ತಿಯ ಅಪಘಾತ ಪೊಲೀಸ್ ಠಾಣೆಯಲ್ಲಿ ದಾಖಲಾಗಿದೆಯೇ? ನೀವು ಬರೆದಿರುವುದನ್ನು ನೋಡಿದರೆ ಇಲ್ಲ ಎನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಹತ್ತು ಜನ ಸೇರಿ ರಾಜಿ ಮಾಡಿಸಿ, ಕೈಗೆ ಒಂದಿಷ್ಟು ಹಣ ಕೊಡಿಸಿ ಮುಗಿಸುವುದು ಹಿಂದಿನಿಂದ ಬಂದದ್ದು. ಗಾಯಗೊಂಡವರಿಗೆ ಆ ಹೊತ್ತಿಗೆ ಅದು ಆಸರೆ, ನಿಜ. ಆದರೆ ರಾಜಿಯಾದ ಪ್ರತಿಯೊಂದು ಅಪಘಾತವೂ ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂದು ಜಾಗವನ್ನು ಅಪಘಾತ ವಲಯ, ಅಂದರೆ ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಲು ಕೇಂದ್ರ ಸಾರಿಗೆ ಸಚಿವಾಲಯ ಇಟ್ಟಿರುವ ಅಳತೆ ಇದು: ಸುಮಾರು 500 ಮೀಟರ್ ಉದ್ದದೊಳಗೆ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ 5 ಅಪಘಾತಗಳು, ಇಲ್ಲವೇ 10 ಸಾವುಗಳು. ಎಣಿಸುವುದು ಠಾಣೆಯ ದಾಖಲೆಯಿಂದ. ಈಗ ಪೊಲೀಸರು ಸ್ಥಳದಲ್ಲೇ ಐರಾಡ್ ಎಂಬ ಆ್ಯಪ್‌ನಲ್ಲಿ ಜಾಗದ ಸಮೇತ ನಮೂದಿಸುತ್ತಾರೆ. ನಮ್ಮ ಗೇಟಿನಲ್ಲಿ ನಮಗೆ ನೆನಪಿದ್ದ ಅಪಘಾತಗಳು ಹನ್ನೊಂದು. ಮಾಹಿತಿ ಹಕ್ಕಿನಲ್ಲಿ ತೆಗೆಸಿದಾಗ ಸಿಕ್ಕ ಎಫ್‌ಐಆರ್‌ಗಳು ಎರಡು. ಆ ಹಾಳೆ ಕೈಗೆ ಬಂದ ದಿನ ನಮ್ಮ ಪಂಚಾಯಿತಿ ಕಟ್ಟೆಯ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಂಬತ್ತು ಮನೆಗಳ ನೋವನ್ನು ನಾವೇ ಕೈಯಾರೆ ಅಳಿಸಿದ್ದೆವು.

ಹಾಗಾಗಿ ತಡವಾಗಿದ್ದರೂ ದೂರು ಕೊಡಿ. ಆಸ್ಪತ್ರೆಯ ದಾಖಲೆ, ಎಕ್ಸ್‌ರೇ, ನೋಡಿದವರ ಹೇಳಿಕೆ ಎಲ್ಲವನ್ನೂ ಇಟ್ಟುಕೊಳ್ಳಿ. ಪರಿಹಾರಕ್ಕೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವುದಾದರೆ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿ ಹೇಳುತ್ತದೆ, ಬೇಗ ಒಬ್ಬ ವಕೀಲರನ್ನು ಕಾಣಿ. ಊರಿನವರಿಗೆ ಇನ್ನೆರಡು ವಿಷಯ ತಿಳಿಸಿಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರನ್ನು ಕಾಯುತ್ತದೆ. ಮತ್ತು 2025ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, ₹1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ. ಇದಕ್ಕೂ ಪೊಲೀಸರಿಗೆ ಮಾಹಿತಿ ಹೋಗಿರಬೇಕು.

ಮಾಹಿತಿ ಹಕ್ಕಿನ ಅರ್ಜಿ ಕಷ್ಟವಲ್ಲ. ₹10ರ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದ ಮೀರಬಾರದು, 30 ದಿನಗಳಲ್ಲಿ ಉತ್ತರ ಬರಬೇಕು. ‘ನಮ್ಮೂರಿನ ಅಪಘಾತಗಳ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಇಂತಹ ಕಿಲೋಮೀಟರ್ ಕಲ್ಲಿನಿಂದ ಇಂತಹ ಕಲ್ಲಿನವರೆಗೆ, ಈ ಮೂರು ವರ್ಷಗಳಲ್ಲಿ ದಾಖಲಾದ ಎಫ್‌ಐಆರ್‌ಗಳ ಸಂಖ್ಯೆ, ದಿನಾಂಕ, ಸಾವು, ಗಾಯ ಎಂದು ಕೇಳಿ.

ಇನ್ನು ಕೇಳುವುದು ಏನನ್ನು? ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಹಂಪ್ ಹಾಕಿಸಿ’. ಈ ವಿಷಯದಲ್ಲಿ ನಮ್ಮೂರಿನ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಬೇಸತ್ತು ಒಂದು ರಾತ್ರಿ ನಾವೇ ಜಲ್ಲಿ, ಸಿಮೆಂಟ್ ಕಲಸಿ ರಸ್ತೆಗೆ ಅಡ್ಡವಾಗಿ ಉಬ್ಬು ಹಾಕಿದೆವು. ಬಣ್ಣವಿಲ್ಲ, ಫಲಕವಿಲ್ಲ, ದೀಪವಿಲ್ಲ. ನಾಲ್ಕನೆಯ ದಿನ ಪಕ್ಕದೂರಿನ ದಂಪತಿ ಬೈಕಿನಿಂದ ಹಾರಿ ಬಿದ್ದರು. ಆಕೆಯ ಮಡಿಲಲ್ಲಿದ್ದ ಟೊಮೆಟೊ ಸಸಿಗಳ ಟ್ರೇ ರಸ್ತೆಯ ತುಂಬ ಚೆಲ್ಲಿತ್ತು. ಬೆಳಗಾಗುವ ಮೊದಲೇ ಹಾರೆ ತೆಗೆದುಕೊಂಡು ಹೋಗಿ ಉಬ್ಬನ್ನು ಒಡೆದೆವು. ಹಂಪ್‌ಗೂ ಒಂದು ಅಳತೆ ಇದೆ: ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ, ನಿಧಾನವಾಗಿ ಏರಿ ಇಳಿಯುವ ದಿಬ್ಬ, ಮುಂಚೆಯೇ ಎಚ್ಚರಿಕೆ ಫಲಕ, ಮೇಲೆ ಬಣ್ಣದ ಪಟ್ಟೆ. ನಾವು ಹಾಕಿದ್ದು ಒಂದು ಗೋಡೆ. ರಾಷ್ಟ್ರೀಯ ಹೆದ್ದಾರಿಯ ಮೇಲಂತೂ ಹಂಪ್ ಹಾಕುವುದಿಲ್ಲ, ಇದ್ದವನ್ನೂ ತೆಗೆಯಲು 2016ರಲ್ಲೇ ಸಚಿವಾಲಯ ಸೂಚಿಸಿದೆ. ಅಲ್ಲಿ ಕೇಳಬೇಕಾದದ್ದು ರಂಬಲ್ ಸ್ಟ್ರಿಪ್, ಅಂದರೆ ಟೈರಿನ ಕೆಳಗೆ ಗಡಗಡ ಸದ್ದು ಮಾಡುವ ತೆಳು ಪಟ್ಟಿಗಳು, ಗೇಟಿಗೆ ಮೊದಲೇ ವೇಗಮಿತಿ ಮತ್ತು ಅಡ್ಡರಸ್ತೆಯ ಫಲಕ, ದೀಪ. ಪಾದಚಾರಿ ಸೇತುವೆಯೋ ಕೆಳಸೇತುವೆಯೋ ದೊಡ್ಡ ಕೆಲಸ, ವರ್ಷಗಳು ಹಿಡಿಯುತ್ತವೆ. ಕೇಳಿ, ಆದರೆ ಅದಕ್ಕಾಗಿ ದೀಪವನ್ನು ಬಿಡಬೇಡಿ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೇಟಿನ ಬಳಿ ವಾಹನದವರು ಸ್ವಲ್ಪವೇ ವೇಗ ತಗ್ಗಿಸಿದರೂ ನಮಗೆ ಲಾಭವೇ.



ನಿಮ್ಮ ಓರಗಿತ್ತಿಗೆ ಅಪಘಾತವಾದದ್ದು ಕತ್ತಲಲ್ಲಿ. ಆದ್ದರಿಂದ ದೀಪ ಮೊದಲ ಬೇಡಿಕೆಯಾಗಲಿ. ಅದಕ್ಕೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ದೃಢೀಕೃತ ಪ್ರತಿ ಪಡೆಯಿರಿ. ಮುಂದೆ ಯಾವ ಕಚೇರಿಗೆ ಹೋದರೂ ಆ ಹಾಳೆಯೇ ಮೊದಲ ಪುಟವಾಗಲಿ. ಹತ್ತು ಜನ ಕೂಗಿದ್ದಕ್ಕಿಂತ ಒಂದು ಠರಾವಿಗೆ ಕಡತದಲ್ಲಿ ಜಾಗ ಬೇಗ ಸಿಗುತ್ತದೆ. ಗೇಟಿನ ತಿರುವಿನಲ್ಲಿ ಲಂಟಾನ ಬೆಳೆದು ಬರುವ ವಾಹನ ಕಾಣದಿದ್ದರೆ ಎಂಜಿನಿಯರ್‌ಗೆ ತಿಳಿಸಿ ಊರವರೇ ಸವರಿಬಿಡಿ, ಅದು ಅರ್ಧ ದಿನದ ಕೆಲಸ.

ಬಸ್ ನಿಲ್ಲುವ ಜಾಗವನ್ನೂ ಗಮನಿಸಿ. ಜನ ದಾಟುವ ಜಾಗಕ್ಕೆ ಮೊದಲೇ ಬಸ್ ನಿಂತರೆ ಇಳಿದ ಮಕ್ಕಳು ಅದರ ಮುಂದಿನಿಂದ ಓಡುತ್ತಾರೆ, ಹಿಂದಿನಿಂದ ಬರುವ ಲಾರಿಗೆ ಅವರು ಕಾಣುವುದಿಲ್ಲ. ನಿಲ್ದಾಣ ದಾಟುವ ಜಾಗದಿಂದ ಮುಂದಿರಲಿ. ಆಗ ಎಲ್ಲರೂ ಬಸ್ಸಿನ ಹಿಂದಿನಿಂದ, ಎರಡೂ ಕಡೆ ನೋಡಿಕೊಂಡು ದಾಟುತ್ತಾರೆ. ನಮ್ಮಲ್ಲಿ ನಿಲ್ದಾಣವನ್ನು ಮೂವತ್ತು ಹೆಜ್ಜೆ ಸರಿಸಿದ್ದು ನಾಲ್ಕು ವರ್ಷಗಳಲ್ಲಿ ನಾವು ಮಾಡಿದ ಅತ್ಯಂತ ಅಗ್ಗದ ಕೆಲಸ. ಹಳೆಯ ತಂಗುದಾಣ ಅಲ್ಲೇ ಇದೆ, ಹಿರಿಯರು ಮಾತಿಗೆ ಕೂರುತ್ತಾರೆ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೋಟ್‌ಬುಕ್ ಬೇಕು. ನಮ್ಮಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಡೈರಿಯ ಹಳೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಹಾಕಿ ಎರಡು ವಾರ ಬರೆದಳು. ‘ಸೋಮವಾರ, 8.10, ನಿಂತವರು 31, ಹತ್ತಿದವರು 9. ಮಂಗಳವಾರ, 8.25, ನಿಂತವರು 28, ಬಸ್ ನಿಲ್ಲಲಿಲ್ಲ.’ ಬಸ್ಸಿನ ನಂಬರು, ಮಾರ್ಗದ ಫಲಕದಲ್ಲಿದ್ದ ಊರು ಎಲ್ಲವೂ ಇತ್ತು. ಅದನ್ನು ಬಸ್ ಡಿಪೋದ ಘಟಕ ವ್ಯವಸ್ಥಾಪಕರ ಮೇಜಿನ ಮೇಲೆ ಇಟ್ಟಾಗ ಅವರು ಮೊದಲ ಸಲ ನಮ್ಮನ್ನು ಕೂರಲು ಹೇಳಿದರು. ಡಿಪೋದವರು ಊರಿಗೆ ಬಸ್ ಬೇಕು ಎಂಬ ಮಾತನ್ನು ದಿನವೂ ಕೇಳುತ್ತಾರೆ. ಯಾವ ಹೊತ್ತಿಗೆ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಂಡು ಬರುವವರು ಕಡಿಮೆ.

ಹೊಸ ಬಸ್ ಕೇಳಬೇಡಿ, ಇರುವ ಬಸ್ಸಿನ ಸಮಯ ಬದಲಿಸಿ ಎಂದು ಕೇಳಿ. ಹೊಸ ಶೆಡ್ಯೂಲ್ ಎಂದರೆ ಬಸ್, ಚಾಲಕ, ನಿರ್ವಾಹಕ ಎಲ್ಲವೂ ಹೊಸದಾಗಿ ಬೇಕು. ಇರುವ ಟ್ರಿಪ್ಪನ್ನು ಮುಕ್ಕಾಲು ಗಂಟೆ ಬೇಗ ಬರುವಂತೆ ಮಾಡುವುದು ವ್ಯವಸ್ಥಾಪಕರು ಮತ್ತು ವಿಭಾಗೀಯ ನಿಯಂತ್ರಣಾಧಿಕಾರಿ ಕುಳಿತು ತೀರ್ಮಾನಿಸಬಹುದಾದ ವಿಷಯ. ಮುಂದಿನ ಊರಿನವರಿಗೆ ಇದರಿಂದ ತೊಂದರೆಯಾಗುತ್ತದೆಯೇ ಎಂದು ಮೊದಲೇ ಅವರನ್ನು ಕೇಳಿ, ಅವರ ಸಹಿಯನ್ನೂ ಹಾಕಿಸಿ. ಇಲ್ಲದಿದ್ದರೆ ಎರಡು ಊರುಗಳ ಜಗಳವಾಗುತ್ತದೆ.

ಹೂವಿನವರಿಗೆ ನಿಜವಾಗಿ ಅನುಕೂಲವಾಗುವುದು ರಾತ್ರಿ ತಂಗುವ ಬಸ್. ಸಂಜೆ ಕೊನೆಯ ಟ್ರಿಪ್ಪಿನಲ್ಲಿ ಬಂದು ಊರಲ್ಲೇ ನಿಂತು ಬೆಳಿಗ್ಗೆ ಮೊದಲ ಬಸ್ಸಾಗಿ ಹೊರಡುತ್ತದೆ. ಅದನ್ನು ಕೇಳುವ ಮೊದಲು ಚಾಲಕ, ನಿರ್ವಾಹಕರು ಮಲಗಲು ಒಂದು ಕೋಣೆ, ಶೌಚಾಲಯ, ಸ್ನಾನಕ್ಕೆ ನೀರು ಸಿದ್ಧವಿರಲಿ. ನಮ್ಮವರು ಸಮುದಾಯ ಭವನದ ಪಕ್ಕದ ಕೋಣೆಗೆ ಸುಣ್ಣ ಬಳಿದು, ಎರಡು ಮಂಚ, ಸೊಳ್ಳೆ ಪರದೆ, ಫ್ಯಾನ್ ಹಾಕಿ, ಫೋಟೋ ತೆಗೆದು ಅರ್ಜಿಗೆ ಅಂಟಿಸಿದರು. ಬಂದವರಿಗೆ ಒಂದೊಂದು ದಿನ ಒಂದೊಂದು ಮನೆಯಿಂದ ಮುದ್ದೆ, ಸಾರು ಹೋಗುತ್ತದೆ. ಹಗಲೆಲ್ಲ ಬಸ್ ಓಡಿಸಿ ಬಂದವರು ನೆಮ್ಮದಿಯಾಗಿ ನಿದ್ದೆ ಮಾಡಲಿ, ಬೆಳಿಗ್ಗೆ ಅವರ ಬಸ್ಸಿನಲ್ಲಿ ಕೂರುವವರು ನಮ್ಮ ಮಕ್ಕಳೇ.

ಹೆಣ್ಣುಮಕ್ಕಳಿಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಿಮ್ಮ ಪ್ರಯಾಣ ಉಚಿತ, ಆದರೆ ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಆ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸಾರಿಗೆ ನಿಗಮಕ್ಕೆ ಸರ್ಕಾರದಿಂದ ಹಣ ಬರಬೇಕು. ನೂಕುನುಗ್ಗಲಿನಲ್ಲಿ ಎರಡೇ ಸ್ಟಾಪ್ ಎಂದು ಟಿಕೆಟ್ ಪಡೆಯದೆ ಇಳಿದರೆ, ಆ ಬಸ್ಸಿನಲ್ಲಿ ನೀವು ಇರಲೇ ಇಲ್ಲ ಎಂದು ಕಾಗದ ಹೇಳುತ್ತದೆ. ನಾಳೆ ಅದೇ ಟ್ರಿಪ್ ನಷ್ಟದಲ್ಲಿದೆ ಎಂದು ನಿಲ್ಲಿಸಿದರೆ ಕೇಳಲು ಬಾಯಿ ಇರುವುದಿಲ್ಲ.

ನಾವು ಸರಿಪಡಿಸಿಕೊಳ್ಳಬೇಕಾದದ್ದೂ ಇದೆ. ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದನ್ನು ನಿಲ್ಲಿಸಬೇಕು. ಹುರುಳಿ ಸೊಪ್ಪಿನ ಮೇಲೆ ಬೈಕಿನ ಚಕ್ರ ಜಾರುವುದು, ರಾತ್ರಿ ಗುಡ್ಡೆಗೆ ಅಡ್ಡ ಇಟ್ಟ ಕಲ್ಲಿಗೆ ಗಾಡಿ ಡಿಕ್ಕಿ ಹೊಡೆಯುವುದು ನಮ್ಮ ಕಡೆ ಪ್ರತಿ ಸುಗ್ಗಿಯಲ್ಲೂ ನಡೆಯುತ್ತದೆ. ಸುರಕ್ಷಿತ ರಸ್ತೆ ಕೊಡಿ ಎಂದು ಜಿಲ್ಲಾಧಿಕಾರಿ ಮುಂದೆ ನಿಂತಾಗ ಅವರು ಮೊಬೈಲಿನಲ್ಲಿ ನಮ್ಮದೇ ರಸ್ತೆಯ ಒಕ್ಕಣೆಯ ಚಿತ್ರ ತೋರಿಸಿದರು. ತಲೆ ತಗ್ಗಿಸಿದೆವು. ಈಗ ಊರಿಗೆ ಎರಡು ಸಿಮೆಂಟ್ ಕಣಗಳಿವೆ. ಟ್ರ್ಯಾಕ್ಟರ್ ಟ್ರೇಲರ್‌ಗಳ ಹಿಂಬದಿಗೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಿದ್ದೇವೆ. ಹೂವು ಹೊತ್ತು ಹೋಗುವವರು ತಲೆಯ ಮೂಟೆಗೂ ಒಂದು ತುಂಡು ಹೊಲಿಸಿಕೊಳ್ಳಿ, ಕತ್ತಲಲ್ಲಿ ದೂರದಿಂದಲೇ ಹೊಳೆಯುತ್ತದೆ.

ಎಂಜಿನಿಯರ್ ಕಚೇರಿಯಲ್ಲಿ ಕೆಲಸವಾಗದಿದ್ದರೆ ಮುಂದಿನ ಬಾಗಿಲು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಅಧ್ಯಕ್ಷರು ಜಿಲ್ಲಾಧಿಕಾರಿ, ಪೊಲೀಸ್, ಸಾರಿಗೆ, ಲೋಕೋಪಯೋಗಿ ಎಲ್ಲರೂ ಒಂದೇ ಮೇಜಿಗೆ ಬರುತ್ತಾರೆ. ಸಭೆಯ ಕಾರ್ಯಸೂಚಿಯಲ್ಲಿ ನಿಮ್ಮ ಗೇಟಿನ ಹೆಸರು ಸೇರಿಸಿ ಎಂದು ಮುಂಚೆಯೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯ ಪತ್ರದಲ್ಲಿ ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನು ನೆನಪಿಸಿ: ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು, ಅಂಗವೈಕಲ್ಯವಾದರೆ ಹೊಣೆಗಾರರಿಗೆ ₹1 ಲಕ್ಷದವರೆಗೆ ದಂಡ ಎಂದು ಅದು ಹೇಳುತ್ತದೆ. ಮೊದಲ ಪತ್ರದಲ್ಲೇ ಹಾಕಬೇಡಿ. ಸಹಾಯ ಮಾಡುವ ಮನಸ್ಸಿದ್ದ ಎಂಜಿನಿಯರ್ ಕೂಡ ಹೆದರಿ ಕಾನೂನು ಶಾಖೆಗೆ ಕಡತ ಕಳಿಸಿಬಿಡುತ್ತಾರೆ.

ಸೋಮವಾರ ಹುಡುಗರು ಸೇರಲೇಬೇಕೆಂದರೆ ಗೇಟಿನಲ್ಲೇ ಸೇರಲಿ, ರಸ್ತೆಯ ಬದಿಯಲ್ಲಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ ನೋಟ್‌ಬುಕ್ ಹಿಡಿದು ನಿಲ್ಲಲಿ. ದಾಟುವ ಮಕ್ಕಳಿಗೂ ವಯಸ್ಸಾದವರಿಗೂ ಕೈ ಹಿಡಿದು ದಾಟಿಸಲಿ. ಅಷ್ಟರೊಳಗೆ ನೀವು ಕಿಲೋಮೀಟರ್ ಕಲ್ಲಿನ ಫೋಟೋ ತೆಗೆದು ಇಲ್ಲಿ ಹಾಕಿ, ಅಂಕಿಯೂ ತಲೆಯ ಬಣ್ಣವೂ ಕಾಣುವಂತಿರಲಿ. ಭಾನುವಾರ ಸಂಜೆ ನನಗೆ ಬಿಡುವಿದೆ, ಮೊದಲ ಅರ್ಜಿಯನ್ನು ಸೇರಿಯೇ ಬರೆಯೋಣ. ಓರಗಿತ್ತಿಯವರ ಕಾಲು ಈಗ ಹೇಗಿದೆ ಎಂದು ತಿಳಿಸಿ ಅಕ್ಕ.