ಓಣಂಗೆ ಒಂದು ಪ್ಯಾಕೆಟ್, ಮುಟ್ಟು ಮಾತ್ರ ತಿಂಗಳು ತಿಂಗಳು

ಕಾಸರಗೋಡಿನ ಪೆರ್ಲದ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಹಿಳಾ ಸಂಘದವರು ದುಡ್ಡು ಒಟ್ಟು ಮಾಡಿ, ಓಣಂ ಹೊತ್ತಿಗೆ ಹೈಸ್ಕೂಲಿನ 60 ಹುಡುಗಿಯರಿಗೆ ಒಂದೊಂದು ಪ್ಯಾಕೆಟ್ ಪ್ಯಾಡ್ ಹಂಚಿದರಂತೆ. ವೇದಿಕೆಗೆ ಕರೆದಾಗ ಅರ್ಧದಷ್ಟು ಮಕ್ಕಳು ಎದ್ದೇ ಬರಲಿಲ್ಲವಂತೆ. "ಇದರ ಬದಲು ನೋಟ್‌ಬುಕ್ ಕೊಡಬಹುದಿತ್ತು" ಎಂದು ಊರಿನವರ ಮಾತು ಬೇರೆ. "ನಾವು ಮಾಡಿದ್ದು ತಪ್ಪಾ?" ಎಂದು ಕೇಳಿದ್ದಾರೆ.

ತಪ್ಪಲ್ಲ ಅಕ್ಕ, ಖಂಡಿತಾ ತಪ್ಪಲ್ಲ. ಆದರೆ ಆ ಮಕ್ಕಳು ಯಾಕೆ ಏಳಲಿಲ್ಲ ಅಂತ ನನಗೆ ಗೊತ್ತು.

ನಾನು ಹೈಸ್ಕೂಲಿಗೆ ಹೋಗುವಾಗ ನಮ್ಮ ಮನೆಯಲ್ಲಿ ಪ್ಯಾಡ್ ಇರಲಿಲ್ಲ. ದನದ ಹಟ್ಟಿಯ ಹಿಂದೆ ಒಂದು ಹಗ್ಗ. ಅದರಲ್ಲಿ ಒಗೆದ ಬಟ್ಟೆ, ಯಾರಿಗೂ ಕಾಣದಂತೆ ಮೇಲೆ ಅಮ್ಮನ ಹಳೆ ಸೀರೆ. ಆಟಿ ತಿಂಗಳ ಮಳೆಗೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಬೆಳಿಗ್ಗೆ ಮುಟ್ಟಿ ನೋಡಿದರೆ ತಣ್ಣಗೆ. ಅದನ್ನೇ ಇಟ್ಟುಕೊಂಡು ಹೋಗುತ್ತಿದ್ದೆ. ತೊಡೆ ಉಜ್ಜಿ ಉರಿ. ಬೆಲ್ ಹೊಡೆದರೂ ಏಳುತ್ತಿರಲಿಲ್ಲ, ಎಲ್ಲರೂ ಹೊರಗೆ ಹೋಗಲಿ ಎಂದು ಕಾಯುತ್ತಿದ್ದೆ. ಅಂಥ ಹುಡುಗಿಯನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆದರೆ ಹೇಗೆ ಬರುತ್ತಾಳೆ? ಇನ್ನು ನೋಟ್‌ಬುಕ್ಕಿನ ಮಾತು. ತಿಂಗಳಿಗೆ ನಾಲ್ಕು ದಿನ ಕ್ಲಾಸು ತಪ್ಪಿದರೆ ಆ ಪುಸ್ತಕದಲ್ಲಿ ಬರೆಯುವುದಾದರೂ ಏನು?

ನನಗೆ ಕಾಣುವ ತೊಂದರೆ ಬೇರೆ. ಐದಾರು ಗಂಟೆಗೊಮ್ಮೆ ಬದಲಿಸಿದರೆ ಐದು ದಿನಕ್ಕೆ ಸುಮಾರು 20 ಪ್ಯಾಡ್ ಬೇಕು. ನಿಮ್ಮ ಪ್ಯಾಕೆಟ್ಟಿನಲ್ಲಿ ಇದ್ದದ್ದು ಏಳೋ ಎಂಟೋ ಇರಬೇಕು, ಅಲ್ವಾ? ಎರಡು ದಿನಕ್ಕೆ ಮುಗಿಯಿತು. ಮನೆಯಲ್ಲಿ ಅಕ್ಕನೂ ಇದ್ದರೆ ಒಂದೇ ದಿನ. ಮುಂದಿನ ತಿಂಗಳು ಮತ್ತೆ ಹಟ್ಟಿಯ ಹಿಂದಿನ ಹಗ್ಗ.

ಅದಕ್ಕೇ ಹೇಳುವುದು, 60 ಮಂದಿಗೆ ಒಮ್ಮೆ ಕೊಡುವುದಕ್ಕಿಂತ ಹತ್ತು ಮಂದಿಗೆ ವರ್ಷಪೂರ್ತಿ ಕೊಡಿ. ಜನೌಷಧಿ ಅಂಗಡಿಗಳಲ್ಲಿ 2019ರಿಂದ ಸುವಿಧಾ ಪ್ಯಾಡ್ ಒಂದಕ್ಕೆ 1 ರೂಪಾಯಿ. ಒಬ್ಬಳಿಗೆ ತಿಂಗಳಿಗೆ 20 ರೂಪಾಯಿ, ವರ್ಷಕ್ಕೆ 240. ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ ಕೇರಳ ಸರಕಾರದ ಷೀ ಪ್ಯಾಡ್ ಯೋಜನೆ 2017ರಲ್ಲೇ ಶುರುವಾಗಿದೆ. ನಿಮ್ಮ ಶಾಲೆಯಲ್ಲಿ ಅದು ಸಿಗುತ್ತದಾ ಎಂದು ಮೊದಲು ಟೀಚರನ್ನು ಕೇಳಿ. ಸಿಗುವುದಾದರೆ ನಿಮ್ಮ ದುಡ್ಡು ರಜೆಯ ತಿಂಗಳುಗಳಿಗೆ, ಮನೆಯಲ್ಲಿರುವ ಅಮ್ಮ-ಅಕ್ಕಂದಿರಿಗೆ ಆಗುತ್ತದೆ. ಜೊತೆಗೆ ಎರಡು ಒಳಚಡ್ಡಿ, ಒಂದು ಸಾಬೂನು ಇಡಿ. ಚಡ್ಡಿ ಹರಿದಿದ್ದರೆ ಪ್ಯಾಡ್ ಎಲ್ಲಿ ನಿಲ್ಲುತ್ತದೆ?

ಇನ್ನೊಂದು ಮಾತು. ನಿಮ್ಮದು ಎಣ್ಮಕಜೆ ಪಂಚಾಯತಿನ ಬದಿ. ಎಂಡೋಸಲ್ಫಾನ್ ಕೀಟನಾಶಕದಿಂದ ಹಾಸಿಗೆ ಹಿಡಿದ ಮಗಳನ್ನು ನೋಡಿಕೊಳ್ಳುವ ತಾಯಂದಿರು ಅಲ್ಲಿದ್ದಾರೆ. ಮಗಳು ದೊಡ್ಡವಳಾಗಿರುತ್ತಾಳೆ, ಮುಟ್ಟಾಗಿದ್ದೇನೆ ಎಂದು ಹೇಳಲೂ ಅವಳಿಗೆ ಆಗುವುದಿಲ್ಲ. ಒಗೆಯುವವಳೂ ಅಮ್ಮನೇ, ಬದಲಿಸುವವಳೂ ಅಮ್ಮನೇ. ಈ ಹುಡುಗಿಯರು ಶಾಲೆಯ ಪಟ್ಟಿಯಲ್ಲಿ ಇರುವುದಿಲ್ಲ. ದಯವಿಟ್ಟು ಮೊದಲ ಪ್ಯಾಕೆಟ್ ಅವರ ಮನೆಗೆ ಹೋಗಲಿ. ಆಶಾ ಕಾರ್ಯಕರ್ತೆಗೆ ಮನೆ ಗೊತ್ತಿರುತ್ತದೆ.

ಬಳಸಿದ್ದನ್ನು ಎಸೆಯುವುದು ಎಲ್ಲಿ ಎಂಬುದೂ ದೊಡ್ಡ ಪ್ರಶ್ನೆಯೇ. ಮನೆಮನೆಗೆ ಕಸ ಒಯ್ಯಲು ಬರುವ ಹರಿತ ಕರ್ಮ ಸೇನೆಯವರು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ, ಇದನ್ನು ಅವರ ಕೈಗೆ ಹೇಗೆ ಕೊಡುವುದು? ಬಚ್ಚಲ ಒಲೆಗೆ ಹಾಕಿದರೆ ಮನೆಯಿಡೀ ಪ್ಲಾಸ್ಟಿಕ್ ಹೊಗೆ. ಎರ್ನಾಕುಳಂ ಜಿಲ್ಲೆಯ ಕುಂಬಳಂಗಿಯಲ್ಲಿ 2022ರಲ್ಲಿ ಹೆಂಗಸರಿಗೆ ಮುಟ್ಟಿನ ಕಪ್ ಹಂಚಿದರು. ಒಳಗಿಟ್ಟು ರಕ್ತ ಹಿಡಿಯುವ, ತೊಳೆದು ಮತ್ತೆ ಬಳಸುವ ಮೆತ್ತನೆಯ ಚಿಕ್ಕ ಬಟ್ಟಲು ಅದು. ಒಂದು ಕಪ್ ಹತ್ತು ವರ್ಷದವರೆಗೂ ಬರುತ್ತದೆ. ಆದರೆ ಸುಮ್ನೆ ಕೈಗಿತ್ತು ಬರಬೇಡಿ. ಹಾಕುವುದು ಹೇಗೆ, ಕುದಿಸುವುದು ಹೇಗೆ ಎಂದು ತುಳುವಿನಲ್ಲೋ ಕನ್ನಡದಲ್ಲೋ ಕೂತು ಹೇಳುವವರು ಬೇಕು. ಬೇಡ ಎನ್ನುವವರಿಗೆ ಪ್ಯಾಡೇ ಇರಲಿ, ದಪ್ಪ ಹತ್ತಿಬಟ್ಟೆಯೇ ಇರಲಿ.

ವೇದಿಕೆ ಬೇಡ, ಫೋಟೋ ಬೇಡ. ಹುಡುಗಿಯರ ಶೌಚಾಲಯದ ಪಕ್ಕ ಒಂದು ಕಪಾಟು ಇಡಿಸಿ, ಬೀಗ ಹಾಕಬೇಡಿ. ಯಾರು ಎಷ್ಟು ತೆಗೆದರು ಎಂದು ಬರೆದಿಡುವುದೂ ಬೇಡ.

ಹತ್ತು ಮಕ್ಕಳ ಒಂದು ವರ್ಷದ ಪ್ಯಾಡಿನ ಖರ್ಚು 2400 ರೂಪಾಯಿ ಆಗುತ್ತದೆ. ಅದನ್ನು ನಮ್ಮ ಪತ್ರಿಕೆಯಿಂದ ಕೊಡುತ್ತೇವೆ. ಯಾರಿಗೆ ಕಳಿಸಬೇಕು ಎಂದು ಒಂದು ಸಾಲು ಬರೆಯಿರಿ. ಪತ್ರಿಕೆಯ ಹೆಸರು ಎಲ್ಲಿಯೂ ಹಾಕಬೇಡಿ.

- ಸಂಪಾದಕಿ