ಟೀನಾ ಬ್ರೂಕ್ಸ್: ಆಲ್ಬಂ ಹೆಸರು ಬಿಡಿ, ತಾರೀಕು ಹಿಡಿಯಿರಿ

ಪ್ರಶ್ನೆ: ಅಮೆರಿಕದ ಜಾಝ್ ಟೆನರ್ ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ ಅವರ ‘ಟ್ರೂ ಬ್ಲೂ’ ಕೇಳಿ ಮರುಳಾದೆ. ಅವರದು ಇದೊಂದೇ ಆಲ್ಬಂ ಎಂದು ಕೆಲವರು, ನಾಲ್ಕಿವೆ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಇನ್ನೇನು ಕೇಳಬೇಕು?

ಉತ್ತರ: ಎರಡೂ ಸರಿ. ಬ್ರೂಕ್ಸ್ (1932–1974) ತಮ್ಮ ನಾಯಕತ್ವದಲ್ಲಿ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗೆ ನಾಲ್ಕು ಆಲ್ಬಮ್ಮಿಗಾಗುವಷ್ಟು ನುಡಿಸಿದರು. ಬದುಕಿದ್ದಾಗ ಹೊರಬಂದದ್ದು ‘ಟ್ರೂ ಬ್ಲೂ’ ಮಾತ್ರ. 1958ರ ಮಾರ್ಚ್ 16ರಂದು ಧ್ವನಿಮುದ್ರಿಸಿದ ‘ಮೈನರ್ ಮೂವ್’ನಲ್ಲಿ ಲೀ ಮಾರ್ಗನ್ ಟ್ರಂಪೆಟ್, ಸಾನಿ ಕ್ಲಾರ್ಕ್ ಪಿಯಾನೊ, ಆರ್ಟ್ ಬ್ಲೇಕಿ ಡ್ರಮ್ಸ್. ಇಂಥ ತಂಡವಿದ್ದೂ ಅದು 1980ರವರೆಗೆ ಕಪಾಟಿನಲ್ಲೇ ಇತ್ತು. ಕೊನೆಗೆ ಹೊರತಂದವರು ಜಪಾನಿನವರು. 1960ರ ‘ಬ್ಯಾಕ್ ಟು ದಿ ಟ್ರ್ಯಾಕ್ಸ್’ಗೆ ಕಂಪನಿಯ ಪಟ್ಟಿಯಲ್ಲಿ 4052 ಎಂಬ ಕ್ರಮಾಂಕವೂ ಸಿಕ್ಕಿತ್ತು, ತಟ್ಟೆ (ಎಲ್‌ಪಿ ರೆಕಾರ್ಡ್) ಮಾತ್ರ ಬರಲಿಲ್ಲ. ಅದೂ 1961ರ ‘ದಿ ವೇಟಿಂಗ್ ಗೇಮ್’ ಕೂಡ ಕೇಳುಗರ ಕೈಸೇರಿದ್ದು 1985ರಲ್ಲಿ, ಮೊಸೈಕ್ ಸಂಸ್ಥೆ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ತಂದಾಗ. ಬ್ರೂಕ್ಸ್ ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. 1961ರ ನಂತರ ಅವರ ಒಂದೂ ಧ್ವನಿಮುದ್ರಣವಿಲ್ಲ. ಹೆರಾಯಿನ್ ಚಟ ಆರೋಗ್ಯವನ್ನು ತಿಂದಿತ್ತು. ಸಾಯುವಾಗ ವಯಸ್ಸು 42.

ಆಲ್ಬಂ ಹೆಸರು ಹಿಡಿದು ಹುಡುಕಿದರೆ ಅವರ ಒಳ್ಳೆಯ ವಾದನ ಎಷ್ಟೋ ಕೈತಪ್ಪುತ್ತದೆ. ಧ್ವನಿಮುದ್ರಣದ ತಾರೀಕು ಹಿಡಿಯಿರಿ. 1960ರ ಜೂನ್ 19ರಂದು ಟ್ರಂಪೆಟ್ ವಾದಕ ಫ್ರೆಡ್ಡಿ ಹಬರ್ಡ್ ತಮ್ಮ ಮೊದಲ ಆಲ್ಬಂ ‘ಓಪನ್ ಸೆಸಮಿ’ ಧ್ವನಿಮುದ್ರಿಸಿದರು. ಅದರ ಶೀರ್ಷಿಕೆ ಕೃತಿಯೂ ‘ಜಿಪ್ಸಿ ಬ್ಲೂ’ವೂ ಬ್ರೂಕ್ಸ್ ರಚನೆಗಳೇ. ಆರು ದಿನ ಕಳೆದು, ಜೂನ್ 25ರಂದು, ಬ್ರೂಕ್ಸ್ ನಾಯಕರಾದರು, ಹಬರ್ಡ್ ಜೊತೆಗಾರರಾದರು: ಅದು ‘ಟ್ರೂ ಬ್ಲೂ’. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ.

ಅದೇ ವರ್ಷದ ಸೆಪ್ಟೆಂಬರ್ 1ರ ಧ್ವನಿಮುದ್ರಣವಂತೂ ಎರಡು ಪಾಲಾಗಿದೆ. ಅಂದಿನ ಮೂರು ಕೃತಿಗಳು ಆಲ್ಟೋ ಸ್ಯಾಕ್ಸೊಫೋನ್ ವಾದಕ ಜಾಕಿ ಮೆಕ್ಲೀನ್ ಅವರ ‘ಜಾಕೀಸ್ ಬ್ಯಾಗ್’ನ ಎರಡನೇ ಬದಿಗೆ ಹೋದವು, ‘ಸ್ಟ್ರೀಟ್ ಸಿಂಗರ್’ ಎಂಬ ಇನ್ನೊಂದು ‘ಬ್ಯಾಕ್ ಟು ದಿ ಟ್ರ್ಯಾಕ್ಸ್’ ಸೇರಿತು. ಆ ಆಲ್ಬಮ್ಮಿನ ಕೃತಿಗಳ ಪೈಕಿ ಅದೊಂದರಲ್ಲೇ ಮೆಕ್ಲೀನ್ ಆಲ್ಟೋ ಕೇಳಿಸುವುದು ಇದೇ ಕಾರಣಕ್ಕೆ.

ಆಲ್ಟೋ ಯಾವುದು, ಟೆನರ್ ಯಾವುದು ಎಂದು ತಿಳಿಯದಿದ್ದರೆ ಕದ್ರಿ ಗೋಪಾಲನಾಥರನ್ನು ನೆನೆಸಿಕೊಳ್ಳಿ. ಅವರು ನುಡಿಸುತ್ತಿದ್ದದ್ದು ಆಲ್ಟೋ. ಟೆನರ್ ಅದಕ್ಕಿಂತ ಸ–ಮ ಅಂತರದಷ್ಟು ತಗ್ಗು. ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ 20 ನಿಮಿಷದ ‘ದಿ ಸರ್ಮನ್’ನಲ್ಲಿ ಗೊಂದಲವಿಲ್ಲ: ಟೆನರ್ ಬ್ರೂಕ್ಸ್ ಒಬ್ಬರೇ, ಇನ್ನೊಂದು ಲೂ ಡೊನಾಲ್ಡ್‌ಸನ್ ಆಲ್ಟೋ. ಗಿಟಾರ್ ವಾದಕ ಕೆನ್ನಿ ಬರೆಲ್ ಅವರ ‘ಬ್ಲೂ ಲೈಟ್ಸ್’ನಲ್ಲಿ (1958) ಜೂನಿಯರ್ ಕುಕ್ ಕೂಡ ಟೆನರ್ ನುಡಿಸಿರುವುದರಿಂದ ಕಿವಿ ಮೋಸಹೋಗುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ. ಬ್ರೂಕ್ಸ್ ನಾದ ಹಗುರ, ಒಂದಿಷ್ಟು ವಿಷಾದ ಬೆರೆತದ್ದು. ಉಸಿರು ಮುಗಿಯಿತು ಅನ್ನಿಸಿದ ಮೇಲೂ ಎಳೆ ಮುಂದುವರಿಯುತ್ತದೆ. ಆ ಕಾಲದ ಟೆನರ್ ವಾದಕರಲ್ಲಿ ಇಷ್ಟು ನಯವಾಗಿ ಸಾಲು ಕಟ್ಟಿದವರು ಬೆರಳೆಣಿಕೆಯಷ್ಟು ಜನ.

ಪ್ರಶ್ನೆ: ‘ಟ್ರೂ ಬ್ಲೂ’ ಮೂಲ ತಟ್ಟೆ ಎಂದು ಒಬ್ಬರು ಮಾರಲು ಬಂದಿದ್ದಾರೆ. ನಂಬಬಹುದೇ?

ಉತ್ತರ: ಹೊದಿಕೆ ನೋಡಿ ನಿರ್ಧರಿಸಬೇಡಿ, ಮರುಮುದ್ರಣಗಳಲ್ಲೂ ಅದೇ ಚಿತ್ರ ಇರುತ್ತದೆ. ತಟ್ಟೆಯನ್ನು ದೀಪಕ್ಕೆ ಓರೆಯಾಗಿ ಹಿಡಿದು, ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗ ನೋಡಿ. ಧ್ವನಿಮುದ್ರಕ ರೂಡಿ ವ್ಯಾನ್ ಗೆಲ್ಡರ್ ಹೆಸರಿನ ‘ಆರ್‌ವಿಜಿ’ ಗುರುತಿನ ಜೊತೆಗೆ, ಕಿವಿಯ ಆಕಾರದ ಪುಟ್ಟ ಗುರುತೂ ಇರಬೇಕು. ತಟ್ಟೆ ತಯಾರಿಸುತ್ತಿದ್ದ ಪ್ಲಾಸ್ಟಿಲೈಟ್ ಕಾರ್ಖಾನೆಯ ಆ ಕಿವಿ ಗುರುತು 1966ರ ನಂತರದ ಬ್ಲೂ ನೋಟ್ ತಟ್ಟೆಗಳಲ್ಲಿಲ್ಲ. ಲೇಬಲ್ ಮೇಲೆ ‘47 ವೆಸ್ಟ್ 63ರ್ಡ್’ ಎಂಬ ನ್ಯೂಯಾರ್ಕ್ ವಿಳಾಸವಿರಬೇಕು. ‘ಲಿಬರ್ಟಿ’ ಎಂದಿದ್ದರೆ ಅದು ಕಂಪನಿ ಕೈಬದಲಾದ ಮೇಲಿನದು. ಇನ್ನು ‘ಮೈನರ್ ಮೂವ್’ನ 1958ರ ಮೂಲಪ್ರತಿ ಎಂದು ಯಾರಾದರೂ ತಂದರೆ ಬೆಲೆ ಕೇಳುವುದೇ ಬೇಡ. ಅಂಥ ತಟ್ಟೆ ಆಗ ತಯಾರಾಗಲೇ ಇಲ್ಲ.