ಡೇಕೇರ್‌ನಲ್ಲಿ ನನ್ನ ಮಗ ಬೇರೆ ಮಕ್ಕಳನ್ನು ಕಚ್ಚುತ್ತಾನೆ, ಹೊಡೆಯುತ್ತಾನೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಮಗನಿಗೆ ಎರಡೂಕಾಲು ವರ್ಷ, ಡೇಕೇರ್‌ಗೆ ಸೇರಿ ಎರಡು ತಿಂಗಳು. ಮನೆಯಲ್ಲಿ ಚೆನ್ನಾಗಿಯೇ ಇರುತ್ತಾನೆ, ಅಲ್ಲಿ ಮಾತ್ರ ಕಚ್ಚುತ್ತಾನೆ, ತಳ್ಳುತ್ತಾನೆ, ಕೂದಲು ಹಿಡಿದು ಎಳೆಯುತ್ತಾನೆ. ಹೀಗೇ ಮುಂದುವರಿದರೆ ಬೇರೆ ಕಡೆ ನೋಡಿಕೊಳ್ಳಿ ಎಂದು ಅವರು ಹೇಳಿದ್ದಾರೆ. ಮನೆಯಲ್ಲಿ ಅತ್ತೆ ಕೆಲಸ ಬಿಡು ಅನ್ನುತ್ತಿದ್ದಾರೆ. ಇದಕ್ಕೆಲ್ಲ ನಾನೇ ಕಾರಣವಾ ಎಂದು ಕೇಳಿದ್ದೀರಿ.

ಅಲ್ಲ. ನಾನು ಬೆಂಗಳೂರಿನ ಒಂದು ಡೇಕೇರ್‌ನಲ್ಲಿ ಚಿಕ್ಕ ಮಕ್ಕಳ ಕೋಣೆ ನೋಡಿಕೊಳ್ಳುತ್ತೇನೆ. ಒಂದೂವರೆಯಿಂದ ಮೂರು ವರ್ಷದ ಮಕ್ಕಳು. ಕಚ್ಚುವ ಮಗು ಒಂದೂ ಇಲ್ಲದ ವರ್ಷ ನನಗೆ ನೆನಪಿಲ್ಲ. ಕೆಲಸಕ್ಕೆ ಹೋಗುವ ಅಮ್ಮನ ಮಗುವೂ ಕಚ್ಚುತ್ತದೆ, ಅಜ್ಜಿಯ ಕೈಯಲ್ಲಿ ಬೆಳೆದ ಮಗುವೂ ಕಚ್ಚುತ್ತದೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಎಂಬ ಸಂಶೋಧಕರು ಮಕ್ಕಳು ಬೆಳೆಯುವುದನ್ನು ವರ್ಷಗಟ್ಟಲೆ ಗಮನಿಸಿ ಬರೆದಿದ್ದಾರೆ: ಮನುಷ್ಯರು ಅತಿ ಹೆಚ್ಚು ಕೈಮಾಡುವುದು ಎರಡು ಮೂರು ವರ್ಷದ ಆಸುಪಾಸಿನಲ್ಲಿ. ಆಮೇಲೆ ಹೆಚ್ಚಿನ ಮಕ್ಕಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಬೇಕು ಅನ್ನಿಸಿದ್ದನ್ನು ತಡೆದುಕೊಳ್ಳುವ ಶಕ್ತಿ ಮಿದುಳಿನ ಮುಂಭಾಗಕ್ಕೆ ಸೇರಿದ್ದು. ಎರಡು ವರ್ಷಕ್ಕೆ ಅದು ಈಗಷ್ಟೇ ಚಿಗುರುತ್ತಿರುತ್ತದೆ.

ಹಾಗಂತ ದೊಡ್ಡವನಾದರೆ ತಾನಾಗಿ ಸರಿಹೋಗುತ್ತದೆ ಎಂದು ಸುಮ್ನೆ ಕೂರುವಂತಿಲ್ಲ. ಕಚ್ಚಿಸಿಕೊಂಡ ಮಗುವಿಗೂ ಒಬ್ಬ ಅಮ್ಮ ಇದ್ದಾರೆ, ಅಲ್ವಾ.

‘ಇವನು ಯಾಕೆ ಹೀಗೆ’ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ‘ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು’ ಎಂದು ಕೇಳಿ. ಡೇಕೇರ್‌ಗೆ ಒಂದು ನೋಟ್‌ಬುಕ್ ಕೊಡಿ. ಪ್ರತಿ ಸಲಕ್ಕೂ ಮೂರೇ ಸಾಲು ಬರೆಯಲಿ: ಮುಂಚೆ ಏನು ನಡೆಯುತ್ತಿತ್ತು, ಇವನು ಏನು ಮಾಡಿದ, ಆಮೇಲೆ ದೊಡ್ಡವರು ಏನು ಮಾಡಿದರು. ಪಕ್ಕದಲ್ಲಿ ಗಂಟೆ. ಎರಡು ವಾರ ಬರೆದರೆ ಸಾಕು, ಹೆಚ್ಚಾಗಿ ಒಂದು ದಾರಿ ಕಾಣಿಸುತ್ತದೆ. ಕ್ಯಾಮೆರಾ ಇದ್ದರೆ ಕಚ್ಚಿದ ಕ್ಷಣವನ್ನಲ್ಲ, ಅದರ ಹಿಂದಿನ ಹತ್ತು ನಿಮಿಷ ತೋರಿಸಲು ಕೇಳಿ.

ನಮ್ಮ ಕೋಣೆಯಲ್ಲಿ ಊಟಕ್ಕೆ ಮುಂಚಿನ ಅರ್ಧ ಗಂಟೆ ಕಷ್ಟದ ಹೊತ್ತು. ಹಸಿವು, ನಿದ್ದೆ ಎರಡೂ ಸೇರಿರುತ್ತವೆ. ಇನ್ನೊಂದು, ಸಂಜೆ ಐದರ ಮೇಲೆ. ಬಾಗಿಲ ಬೆಲ್ ಆದಾಗಲೆಲ್ಲ ಉಳಿದ ಮಕ್ಕಳು ಎದ್ದು ನೋಡುತ್ತಾರೆ. ಬಂದದ್ದು ತನ್ನ ಅಮ್ಮ ಅಲ್ಲ ಎಂದು ಗೊತ್ತಾದ ಕೂಡಲೇ ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಬೀಳುತ್ತದೆ. ಜಾಗವೂ ಲೆಕ್ಕಕ್ಕೆ ಬರುತ್ತದೆ. ಚಪ್ಪಲಿ ಸ್ಟ್ಯಾಂಡ್ ಹತ್ತಿರ, ಕೈ ತೊಳೆಯುವ ಕಡೆ, ಜಾರುಬಂಡೆಯ ಮೆಟ್ಟಿಲಲ್ಲಿ, ಒಟ್ಟಿನಲ್ಲಿ ಮಕ್ಕಳು ಮೈಗೆ ಮೈ ತಾಗಿ ನಿಲ್ಲುವ ಕಡೆ ಜಾಸ್ತಿ.

ಇವಕ್ಕೆ ಮಾಡಬೇಕಾದದ್ದು ದೊಡ್ಡದೇನಲ್ಲ. ಹನ್ನೊಂದು ಗಂಟೆಗೆ ಒಂದು ಬಾಳೆಹಣ್ಣು ಕೊಟ್ಟದ್ದಕ್ಕೇ ಮಧ್ಯಾಹ್ನದ ಗಲಾಟೆ ಕಡಿಮೆಯಾದ ಮಕ್ಕಳನ್ನು ನೋಡಿದ್ದೇನೆ. ಕೈ ತೊಳೆಸಲು ಎಲ್ಲರನ್ನೂ ಒಟ್ಟಿಗೆ ಎಬ್ಬಿಸದೆ ಮೂರು ಮೂರು ಜನರನ್ನು ಕರೆದುಕೊಂಡು ಹೋಗಬಹುದು. ಎಲ್ಲರೂ ಕಿತ್ತಾಡುವ ಆಟಿಕೆಯನ್ನು ಒಂದೇ ಇಡುವ ಬದಲು ಎರಡು ಮೂರು ಇಡಬಹುದು. ‘ಹಂಚಿಕೊಂಡು ಆಡು ಕಂದಾ’ ಎಂದರೆ ಎರಡು ವರ್ಷದವರಿಗೆ ಅರ್ಥವಾಗುವುದಿಲ್ಲ. ಇನ್ನು ಕೆಲವು ವಾರ ಆ ಕಷ್ಟದ ಹೊತ್ತಿನಲ್ಲಿ ಒಬ್ಬರು ಇವನ ಕೈಯಳತೆಯಲ್ಲೇ ಇರಬೇಕು. ಬಾಯಿ ತೆರೆಯುವ ಮುಂಚೆಯೇ ಅಂಗೈ ಅಡ್ಡ ಬರಬೇಕು. ಆದ ಮೇಲೆ ಹೇಳುವ ಹತ್ತು ಬುದ್ಧಿಮಾತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಇವನ ವಯಸ್ಸಿಗೆ ಹಲ್ಲನ್ನೂ ನೋಡಿ. ದವಡೆಯ ಕೊನೆಯ ಹಾಲುಹಲ್ಲುಗಳು ಸಾಮಾನ್ಯವಾಗಿ 23ರಿಂದ 33 ತಿಂಗಳೊಳಗೆ ಬರುತ್ತವೆ. ವಸಡು ಊದಿದ್ದರೆ ತಣ್ಣಗಿನ ಒದ್ದೆ ಬಟ್ಟೆಯನ್ನು ಅಗಿಯಲು ಕೊಡಬಹುದು. ನಿದ್ದೆಯದ್ದೂ ಲೆಕ್ಕ ಹಾಕಿ. ಈ ವಯಸ್ಸಿಗೆ ಹಗಲು ರಾತ್ರಿ ಸೇರಿ ಹನ್ನೊಂದು ಗಂಟೆಯಾದರೂ ಬೇಕು. ನೀವು ಮನೆಗೆ ಬರುವುದೇ ಎಂಟಕ್ಕೆ, ಅವನು ಮಲಗುವುದು ಹನ್ನೊಂದಕ್ಕೆ, ಬೆಳಗ್ಗೆ ಏಳಕ್ಕೆ ಎಬ್ಬಿಸುತ್ತೀರಿ ಎಂದಾದರೆ ಮಧ್ಯಾಹ್ನದ ಎರಡು ಗಂಟೆ ಸೇರಿಸಿದರೂ ಅಷ್ಟಾಗುವುದಿಲ್ಲ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಕನ್ನಡ. ಡೇಕೇರ್‌ನಲ್ಲಿ ಮಿಸ್ ಇಂಗ್ಲಿಷ್, ಅಕ್ಕಂದಿರು ಹಿಂದಿ ಮಾತಾಡುತ್ತಾರೆ ಎಂದು ಬರೆದಿದ್ದೀರಿ. ನಿಮ್ಮ ಮಗನ ಜಾಗದಲ್ಲಿ ನಿಂತು ಯೋಚಿಸಿ. ಮನೆಯಲ್ಲಿ ‘ಜೀಜಿ’ ಎಂದರೆ ಎಲ್ಲರೂ ನೀರಿಗೆ ಓಡುತ್ತಾರೆ. ‘ತಾಚಿ’ ಎಂದರೆ ಅಜ್ಜಿ ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಾರೆ. ಅಲ್ಲಿ ಅದೇ ಮಾತು ಹೇಳಿದರೆ ಯಾರೂ ಅಲ್ಲಾಡುವುದಿಲ್ಲ. ತನ್ನ ಕೈಲಿದ್ದ ಬಸ್ಸನ್ನು ಇನ್ನೊಬ್ಬ ಕಿತ್ತುಕೊಂಡಾಗ ‘ನಂದು’ ಎಂದು ಕೂಗಿದರೆ ಕೇಳುವವರಿಲ್ಲ. ಕಚ್ಚಿದರೆ ಮಾತ್ರ ಆ ಕ್ಷಣವೇ ಕೋಣೆಯ ದೊಡ್ಡವರೆಲ್ಲ ಅವನ ಕಡೆ ಓಡಿ ಬರುತ್ತಾರೆ.

ಅದಕ್ಕೆ ಇವನ ಹತ್ತು ಹದಿನೈದು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ನೀರು, ಊಟ, ನಿದ್ದೆ, ಸುಸ್ಸು, ನಂದು, ಬೇಡ, ಸಾಕು, ಎತ್ಕೋ, ಅಮ್ಮ ಯಾವಾಗ. ಅವನು ಹೇಳುವ ಹಾಗೆಯೇ ಬರೆಯಿರಿ, ಪಕ್ಕದಲ್ಲಿ ಅಕ್ಕಂದಿರಿಗೆ ಓದಲು ಬರುವ ಲಿಪಿಯಲ್ಲೂ ಬರೆಯಿರಿ. ನಮ್ಮಲ್ಲಿ ಕೆಲಸ ಮಾಡುವ ಬೇರೆ ರಾಜ್ಯದ ಹುಡುಗಿಯರು ಇಂಥ ಹಾಳೆ ನೋಡಿ ಬೇಗ ಕಲಿಯುತ್ತಾರೆ, ಖುಷಿಯಿಂದ ಕಲಿಯುತ್ತಾರೆ. ಜೊತೆಗೆ ‘ಬೇಡ’ ಎಂಬುದಕ್ಕೆ ಒಂದು ಕೈಸನ್ನೆ ಕಲಿಸಿ. ಅಂಗೈ ಮುಂದೆ ಮಾಡಿ ‘ಬೇಡ’ ಅನ್ನುವುದು. ಅದನ್ನೇ ಡೇಕೇರ್‌ನಲ್ಲೂ ಮಾಡಿಸಲಿ. ಅವನು ಕೈ ತೋರಿಸಿದಾಗ ಅಕ್ಕ ಕೂಡಲೇ ಬರಬೇಕು, ಇಲ್ಲವಾದರೆ ಹಲ್ಲೇ ವಾಸಿ ಎಂದು ಅವನಿಗೆ ಅನ್ನಿಸುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಶುರು ಮಾಡಬೇಡಿ. ಎರಡು ಮೂರು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತದೆ ಎಂಬುದು ನಿಜವಲ್ಲ. ಮನೆಯ ಮಾತು ಗಟ್ಟಿಯಾದಷ್ಟೂ ಒಳ್ಳೆಯದು.

ಮನೆಯಲ್ಲೂ ಕೆಲವು ವಿಷಯ ಗಮನಿಸಿ. ಮಗು ಬಿದ್ದಾಗ ನಾವು ನೆಲಕ್ಕೆ ಹೊಡೆಯುತ್ತೇವೆ. ‘ನೆಲ ನಿಂಗೆ ನೋವು ಮಾಡ್ತಾ? ತಾಳು, ಅತ್ತ ಕೊಡ್ತೀನಿ’ ಎಂದು. ಅಜ್ಜಂದಿರು ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ನೋವಾದರೆ ಪಕ್ಕದಲ್ಲಿದ್ದದ್ದಕ್ಕೆ ಹೊಡೆಯಬೇಕು ಎಂದು ಮಗು ದಿನವೂ ಕಲಿಯುತ್ತದೆ. ಅವನು ಮಾವನ ಕೆನ್ನೆಗೆ ಹೊಡೆದಾಗ ಮನೆಯವರೆಲ್ಲ ನಕ್ಕರೆ, ಮರುದಿನ ಡೇಕೇರ್‌ನಲ್ಲಿ ಹೊಡೆದಾಗ ಯಾಕೆ ಬೈಯುತ್ತಾರೆ ಎಂದು ಅವನಿಗೆ ಹೇಗೆ ತಿಳಿಯಬೇಕು? ಮುದ್ದು ಬಂದು ನಾವೇ ಅವರ ಕೆನ್ನೆ, ಕೈ ಕಚ್ಚಿ ಆಡಿಸುತ್ತೇವೆ. ಒಂದಷ್ಟು ದಿನ ಇದನ್ನೆಲ್ಲ ನಿಲ್ಲಿಸಿ. ಅತ್ತೆಯವರಿಗೆ ಹೇಳುವಾಗ ತಪ್ಪು ತೋರಿಸಿದಂತೆ ಆಗದಿರಲಿ. ‘ಬಿದ್ದಾಗ ನೆಲಕ್ಕೆ ಹೊಡೆಯೋದು ಬೇಡ ಅತ್ತೆ, ಸವರಿ ಉಫ್ ಅಂತ ಊದಿ, ನೀವು ಊದಿದರೆ ಅವನಿಗೆ ಬೇಗ ಸಮಾಧಾನ’ ಎಂದು ಕೇಳಿ ನೋಡಿ. ಮೊಬೈಲ್, ಟಿವಿ ಸೇರಿ ದಿನಕ್ಕೆ ಒಂದು ಗಂಟೆ ದಾಟದಿರಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ವಯಸ್ಸಿಗೆ ಹೇಳಿದ ಮಿತಿ ಅದು, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು.

‘ನೀನೂ ಒಂದು ಸಲ ಕಚ್ಚು, ಆಗ ಬುದ್ಧಿ ಬರುತ್ತದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಅಮ್ಮನೂ ಕಚ್ಚುತ್ತಾಳೆ ಎಂಬುದಷ್ಟೇ ಅವನ ತಲೆಗೆ ಹೋಗುತ್ತದೆ. ಸಂಜೆ ಏಳಕ್ಕೆ ಕೂರಿಸಿಕೊಂಡು ಬೆಳಗ್ಗೆ ಆದದ್ದಕ್ಕೆ ಬೈಯುವುದೂ ಬೇಡ. ಆ ಹೊತ್ತಿಗೆ ಅವನಿಗೆ ಗೊತ್ತಾಗುವುದು ಅಮ್ಮ ಬಂದಳು, ಬಂದವಳೇ ಬೈದಳು ಎಂದು ಮಾತ್ರ. ಮನೆಗೆ ಬಂದ ಮೇಲೆ ಮೊದಲ ಇಪ್ಪತ್ತು ನಿಮಿಷ ಮೊಬೈಲ್ ಬದಿಗಿಟ್ಟು ಅವನ ಜೊತೆ ನೆಲದ ಮೇಲೆ ಕೂರಿ. ಅಡುಗೆ ಆಮೇಲೆ ಆಗಲಿ.

ಕಚ್ಚಿದ ಕ್ಷಣದಲ್ಲಿ ನಾವು ಮಾಡುವುದು ಇಷ್ಟು. ಒಬ್ಬರು ನೋವಾದ ಮಗುವಿನ ಹತ್ತಿರ ಹೋಗುತ್ತಾರೆ, ಮೊದಲ ಗಮನ ಆ ಮಗುವಿಗೆ. ಇನ್ನೊಬ್ಬರು ಕಚ್ಚಿದವನ ಎತ್ತರಕ್ಕೆ ಕೂತು, ಕೂಗದೆ, ‘ಕಚ್ಚಬಾರದು. ಅವಳಿಗೆ ನೋವಾಯ್ತು. ನಿಂಗೆ ಬಸ್ಸು ಬೇಕಿತ್ತು. ಕೊಡು ಅನ್ನು’ ಎಂದು ಹೇಳುತ್ತಾರೆ. ಅಷ್ಟೇ, ಭಾಷಣವಿಲ್ಲ. ‘ಸಾರಿ ಹೇಳು’ ಎಂದು ಒತ್ತಾಯ ಮಾಡುವುದಿಲ್ಲ. ತಣ್ಣೀರಿನ ಬಟ್ಟೆ ತರಲು ಅವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇವೆ. ಗಾಯವನ್ನು ಸೋಪು ನೀರಿನಲ್ಲಿ ತೊಳೆಯಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಬೇಕು. ಇಬ್ಬರು ಮಕ್ಕಳ ಲಸಿಕೆ ಕಾರ್ಡ್‌ನಲ್ಲಿ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಆಗಿದೆಯಾ ಎಂದು ನೋಡಿಕೊಳ್ಳಬೇಕು.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನೀವು ವಿವರಣೆ ಕೊಡಲು ಹೋಗಬೇಡಿ. ಕಚ್ಚಿದ ಮಗುವಿನ ಹೆಸರನ್ನು ಡೇಕೇರ್ ಯಾರಿಗೂ ಹೇಳಬಾರದು. ಕಚ್ಚಿಸಿಕೊಂಡ ಮಗುವಿನ ಅಮ್ಮ ನಿಮಗೆ ಪರಿಚಯವಿದ್ದು, ಅವರಿಗೆ ಆಗಲೇ ಗೊತ್ತಾಗಿದ್ದರೆ, ಫೋನ್ ಮಾಡಿ ಮಗು ಹೇಗಿದೆ ಎಂದು ವಿಚಾರಿಸಿ. ಎರಡು ನಿಮಿಷದ ಮಾತು ಸಾಕು.

ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ಇವನು ಎರಡು ಪದ ಜೋಡಿಸಿ ‘ಅಮ್ಮ ಬಾ’, ‘ನೀರು ಕೊಡು’ ಅನ್ನುವುದಿಲ್ಲ ಎಂದಾದರೆ ಈಗಲೇ ತೋರಿಸಿ. ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ತನಗೇ ನೋವು ಮಾಡಿಕೊಳ್ಳುತ್ತಾನೆ, ಕಲಿತಿದ್ದ ಮಾತು ನಿಂತುಹೋಗಿದೆ ಎಂದಾದರೂ ಅಷ್ಟೇ, ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಲು ಮರೆಯಬೇಡಿ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಕೇಳಿಸುವುದು ಕಡಿಮೆಯಾಗಿರಬಹುದು, ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ ಎರಡನ್ನೂ ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ಮೂರೂವರೆ ದಾಟಿದರೂ ವಾರಕ್ಕೆ ಹಲವು ಸಲ ಕಚ್ಚುವುದು ನಡೆದೇ ಇದ್ದರೆ, ಮಾತು ಚೆನ್ನಾಗಿದ್ದರೂ ಒಮ್ಮೆ ತೋರಿಸಿ.

ಇನ್ನು ಕೆಲಸ ಬಿಡುವ ಮಾತು. ಅವಸರ ಮಾಡಬೇಡಿ. ಮಗನನ್ನು ಮನೆಯಲ್ಲಿಟ್ಟುಕೊಂಡರೆ ದೂರು ನಿಲ್ಲುತ್ತದೆ, ಆದರೆ ಬೇರೆ ಮಕ್ಕಳ ನಡುವೆ ಇರುವುದು ಹೇಗೆ ಎಂಬುದನ್ನು ಅವನು ಮುಂದೆ ಎಲ್.ಕೆ.ಜಿಯಲ್ಲಿ ಮೊದಲಿಂದ ಕಲಿಯಬೇಕು. ನಿಮ್ಮ ಆಫೀಸಿನಲ್ಲಿ 50 ಅಥವಾ ಹೆಚ್ಚು ಜನ ಇದ್ದರೆ ಕಾನೂನಿನ ಪ್ರಕಾರ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಲು ಬಿಡಬೇಕು. ಎಚ್‌ಆರ್‌ಗೆ ಇಮೇಲ್ ಬರೆದು ಕೇಳಿ.

ಈಗಿನ ಡೇಕೇರ್‌ನವರ ಜೊತೆ ಕೂತು ಮಾತಾಡಿ. ಒಂದು ತಿಂಗಳು ಸಮಯ ಕೇಳಿ. ನೋಟ್‌ಬುಕ್ ಬರೆಯಲು, ಕಷ್ಟದ ಹೊತ್ತಿನಲ್ಲಿ ಒಬ್ಬರನ್ನು ಹತ್ತಿರ ಇರಿಸಲು ಒಪ್ಪಿದರೆ ಅಲ್ಲೇ ಮುಂದುವರಿಸಿ. ಅವನನ್ನು ಬಾತ್‌ರೂಮಿನಲ್ಲೋ ಕತ್ತಲೆ ಕೋಣೆಯಲ್ಲೋ ಕೂರಿಸುತ್ತಾರೆ, ಕೈ ಮಾಡುತ್ತಾರೆ, ಎಲ್ಲರ ಮುಂದೆ ‘ಕಚ್ಚೋ ಹುಡುಗ’ ಎಂದು ಕರೆಯುತ್ತಾರೆ ಎಂದು ಗೊತ್ತಾದರೆ ಒಂದು ದಿನವೂ ಕಾಯದೆ ಬಿಡಿಸಿ. ಹೊಸ ಜಾಗ ನೋಡಲು ಹೋದಾಗ ಗೋಡೆಯ ಬಣ್ಣ, ಆಟಿಕೆ ನೋಡಿ ಒಪ್ಪಬೇಡಿ. ಹನ್ನೆರಡು ಗಂಟೆಗೋ ಸಂಜೆ ಐದೂವರೆಗೋ ಹೋಗಿ, ಎರಡು ವರ್ಷದವರ ಕೋಣೆಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ ಇದ್ದಾರೆ ಎಂದು ಎಣಿಸಿ. ಐದಾರು ಮಕ್ಕಳಿಗೆ ಒಬ್ಬರಿದ್ದರೆ ನಾನು ನನ್ನ ಮಗುವನ್ನು ಬಿಡುತ್ತೇನೆ. ಮಗ ಕಚ್ಚುತ್ತಾನೆ ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿ. ಅದನ್ನು ಕೇಳಿ ಅವರು ‘ಯಾವ ಹೊತ್ತಿಗೆ ಕಚ್ಚುತ್ತಾನೆ?’ ಎಂದು ತಿರುಗಿ ಕೇಳಿದರೆ ಧೈರ್ಯವಾಗಿ ಸೇರಿಸಿ.